ಚಿತ್ರಕಾದಂಬರಿ, ಫ್ಯಾಂಟಸಿ, ಕಥೇತರ: ಈ ಮಳೆಗಾಲಕ್ಕೆ ಯಾವುದನ್ನು ಕೈಗೆತ್ತಿಕೊಳ್ಳುವುದು?

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಂಗಳೂರು, ಉಡುಪಿ ಕಡೆಯ ಸಂಜೆಗಳು ಉದ್ದವಾಗುತ್ತವೆ. ಸಭಾಭವನಗಳಲ್ಲಿ ಮಳೆಗಾಲದ ಆಟ, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆ ಇದ್ದರೂ ರಾತ್ರಿಯಿಡೀ ಬಯಲಲ್ಲಿ ಕೂರುವ ಕಾಲ ಮುಗಿದಿರುತ್ತದೆ. ಓದುವ ಹವ್ಯಾಸ ಇರುವವರ ಮನೆಯಲ್ಲಿ ಈ ದಿನಗಳಿಗೆಂದೇ ಎತ್ತಿಟ್ಟ ಪುಸ್ತಕಗಳ ಗುಡ್ಡೆಯೊಂದು ಇರುತ್ತದೆ. ಹಿಂದೆ ಅದರಲ್ಲಿ ಕಾದಂಬರಿ, ಕವಿತೆ, ಪ್ರಬಂಧ ಇರುತ್ತಿದ್ದವು. ಈಗ ಚಿತ್ರಕಾದಂಬರಿಯೂ (ಗ್ರಾಫಿಕ್ ನಾವೆಲ್) ದಪ್ಪ ದಪ್ಪ ಫ್ಯಾಂಟಸಿ ಸರಣಿಗಳೂ ಇತಿಹಾಸ, ವಿಜ್ಞಾನ, ಜೀವನಚರಿತ್ರೆಯಂಥ ಕಥೇತರ ಪುಸ್ತಕಗಳೂ ಒಂದರ ಮೇಲೊಂದು ಕೂತಿವೆ. ಮೊದಲು ಯಾವುದು?

ಈ ಮೂರರಲ್ಲಿ ಯಾವುದು ಮೇಲು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ನಿಮ್ಮ ಕೈಯಲ್ಲಿರುವ ಪುರುಸೊತ್ತು ಯಾವ ಬಗೆಯದು ಎಂದು ಕೇಳಿಕೊಂಡರೆ ಸಿಗುತ್ತದೆ. ಚಿತ್ರಕಾದಂಬರಿಗೆ ಅಲುಗದೆ ಕೂತ ಒಂದೆರಡು ಗಂಟೆ ಮತ್ತು ಒಳ್ಳೆಯ ಬೆಳಕು ಬೇಕು. ಫ್ಯಾಂಟಸಿಗೆ ದಿನ ತಪ್ಪದ ಅರ್ಧ ಗಂಟೆ ಬೇಕು, ಅದೂ ವಾರಗಟ್ಟಲೆ. ಕಥೇತರಕ್ಕೆ ಬಿಡಿಬಿಡಿ ಸಮಯ ಸಾಕು, ಆದರೆ ಪೆನ್ಸಿಲು ಬೇಕು, ಹಿಂದಿನ ಪುಟಕ್ಕೆ ಮರಳುವ ತಾಳ್ಮೆ ಬೇಕು. ಅರ್ಧಕ್ಕೆ ನಿಂತ ಪುಸ್ತಕಗಳನ್ನು ನೋಡಿ: ಬಹುಪಾಲು ಪುಸ್ತಕ ಕೆಟ್ಟದಾಗಿದ್ದರಿಂದ ನಿಂತದ್ದಲ್ಲ, ಅದು ಕೇಳಿದ ಸಮಯವನ್ನು ಕೊಡಲಾಗದೆ ನಿಂತದ್ದು.

ಹತ್ತು ನಿಮಿಷದ ಲೆಕ್ಕ

ಕೊಳ್ಳುವ ಅಥವಾ ಎರವಲು ತರುವ ಮೊದಲು ಪುಸ್ತಕದ ನಡುವಿನ ಯಾವುದಾದರೂ ಪುಟದಿಂದ ಹತ್ತು ನಿಮಿಷ ಓದಿ, ಎಷ್ಟು ಪುಟ ಆಯಿತೆಂದು ಎಣಿಸಿ. ಮೊದಲ ಪುಟದಿಂದ ಬೇಡ. ಆರಂಭವನ್ನು ಎಲ್ಲ ಲೇಖಕರೂ ನಯವಾಗಿ ತಿದ್ದಿರುತ್ತಾರೆ, ನಡುವಿನ ಪುಟದಲ್ಲಿ ಪುಸ್ತಕದ ನಿಜವಾದ ನಡಿಗೆ ತಿಳಿಯುತ್ತದೆ. 420 ಪುಟದ ಫ್ಯಾಂಟಸಿಯಲ್ಲಿ ಹತ್ತು ನಿಮಿಷಕ್ಕೆ ಆರು ಪುಟ ಸಾಗಿದರೆ ಇಡೀ ಪುಸ್ತಕಕ್ಕೆ 700 ನಿಮಿಷ, ಅಂದರೆ ಹೆಚ್ಚುಕಡಿಮೆ ಹನ್ನೆರಡು ಗಂಟೆ. ದಿನಕ್ಕೆ ನಲವತ್ತು ನಿಮಿಷ ಓದುವವರಿಗೆ ಅದು ಹದಿನೆಂಟು ದಿನದ ಪುಸ್ತಕ. ಹದಿನೈದು ದಿನಕ್ಕೆ ಮರಳಿಸಬೇಕಾದ ಪ್ರತಿಯಾದರೆ ತರುವಾಗಲೇ ಅವಧಿ ವಿಸ್ತರಿಸುವ ದಾರಿ ಕೇಳಿಕೊಂಡಿರಿ.

ಇದೇ ಲೆಕ್ಕ ಚಿತ್ರಕಾದಂಬರಿಗೆ ಮೋಸ ಮಾಡುತ್ತದೆ. ಹತ್ತು ನಿಮಿಷಕ್ಕೆ ಹದಿನೈದು ಪುಟ ಓಡಿದರೆ 240 ಪುಟಕ್ಕೆ 160 ನಿಮಿಷ ಎಂದಾಗುತ್ತದೆ, ಆದರೆ ಆ ವೇಗದಲ್ಲಿ ನೀವು ಓದಿದ್ದು ಬರೀ ಮಾತುಗಳನ್ನು. ಚಿತ್ರ ನೋಡುತ್ತ ಎರಡನೆಯ ಸಲ ತಿರುಗಿಸುವ ಸಮಯವನ್ನೂ ಸೇರಿಸಿಕೊಂಡರೆ ನಾಲ್ಕು ಗಂಟೆ ಹಿಡಿಯುವುದು ನ್ಯಾಯ. ಕಥೇತರದಲ್ಲಿ ಲೆಕ್ಕ ತಿರುಗುಮುರುಗು: 400 ಪುಟದ ಪುಸ್ತಕದ ಕೊನೆಯ 70–80 ಪುಟ ಟಿಪ್ಪಣಿ, ಆಕರ, ಪದಸೂಚಿಗೇ ಹೋಗಿರಬಹುದು. ದಪ್ಪ ನೋಡಿ ಹೆದರುವ ಮೊದಲು ಕೊನೆಯ ಅಧ್ಯಾಯ ಯಾವ ಪುಟದಲ್ಲಿ ಮುಗಿಯುತ್ತದೆ ನೋಡಿ.

ಚಿತ್ರಕಾದಂಬರಿ: ಗುಳ್ಳೆಯಿಂದ ಗುಳ್ಳೆಗೆ ಹಾರಬೇಡಿ

ಚಿತ್ರಕಾದಂಬರಿಯನ್ನು ಮೊದಲ ಸಲ ಓದುವವರ ಕಣ್ಣು ಮಾತಿನ ಗುಳ್ಳೆಯಿಂದ ಮಾತಿನ ಗುಳ್ಳೆಗೆ ಹಾರುತ್ತದೆ. ಒಂದೂವರೆ ಗಂಟೆಯಲ್ಲಿ ಪುಸ್ತಕ ಮುಗಿಯುತ್ತದೆ, "ಇಷ್ಟೇನಾ?" ಅನಿಸುತ್ತದೆ, ಕೊಟ್ಟ ದುಡ್ಡು ದಂಡ ಅನಿಸುತ್ತದೆ. ಇದು ಪುಸ್ತಕದ ತಪ್ಪಲ್ಲ. ಈ ಮಾಧ್ಯಮದಲ್ಲಿ ಕಥೆ ನಡೆಯುವುದು ಎರಡು ಚೌಕಗಳ ನಡುವಿನ ಖಾಲಿ ಜಾಗದಲ್ಲಿ. ಒಂದು ಚೌಕದಲ್ಲಿ ಎತ್ತಿದ ಕೈ, ಮುಂದಿನದರಲ್ಲಿ ಕೆಳಗೆ ಬಿದ್ದ ಲೋಟ. ನಡುವೆ ನಡೆದದ್ದನ್ನು ನೀವೇ ಕಟ್ಟಿಕೊಳ್ಳಬೇಕು. ಆ ಕೆಲಸಕ್ಕೆ ಕಣ್ಣು ಒಂದು ಕ್ಷಣ ನಿಲ್ಲಬೇಕು.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸದಲ್ಲ. ತೆಂಕುತಿಟ್ಟಿನ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬಾಯಿ ತೆರೆಯುವ ಮೊದಲೇ ಮುಖದ ಮೇಲಿನ ಚಿಟ್ಟಿ ಎಂಬ ಬಿಳಿ ಉಬ್ಬುಚುಕ್ಕಿ, ಕಿರೀಟದ ಅಗಲ, ಕಣ್ಣಿನ ಸುತ್ತಲ ಬಣ್ಣ ನೋಡಿ ಇವನು ಯಾವ ಸ್ವಭಾವದವನೆಂದು ಮಗುವೂ ಹೇಳುತ್ತದೆ. ಒಳ್ಳೆಯ ಚಿತ್ರಕಾದಂಬರಿಯೂ ಹೀಗೆ ತನ್ನದೇ ಬಣ್ಣಗಾರಿಕೆ ಮಾಡಿಕೊಳ್ಳುತ್ತದೆ. ಅಂಬೇಡ್ಕರರ ಬದುಕಿನ ಘಟನೆಗಳನ್ನು ಹೇಳುವ, 2011ರಲ್ಲಿ ಬಂದ 'ಭೀಮಾಯಣ'ದ ಪುಟವೊಂದನ್ನು ಬಿಡಿಸಿ ನೋಡಿ. ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಗೋಂಡ್ ಪರಂಪರೆಯ ಚಿತ್ರಕಾರರು. ಅವರು ಚೌಕಗಳ ಪೆಟ್ಟಿಗೆಯನ್ನೇ ಬಿಟ್ಟು ತಮ್ಮ ಅಂಗಳದ ಅಲಂಕಾರದ ಬಳ್ಳಿಗಳಿಂದ ಪುಟವನ್ನು ಭಾಗ ಮಾಡಿದರು. ಮಾತಿನ ಗುಳ್ಳೆಗಳನ್ನಂತೂ ನೋಡಲೇಬೇಕು: ಒಳ್ಳೆಯ ಮಾತು ಹಕ್ಕಿಯ ಆಕಾರದ ಗುಳ್ಳೆಯೊಳಗಿದೆ; ಜಾತಿಯ ವಿಷ ಕಾರುವವರ ಮಾತಿನ ಗುಳ್ಳೆಗೆ ಚೇಳಿನ ಕೊಂಡಿಯ ಬಾಲ. ಓದುವ ಮೊದಲೇ ಮಾತು ಕುಟುಕುತ್ತದೆ. ಇದನ್ನು ಗಮನಿಸದೆ ಅಕ್ಷರ ಮಾತ್ರ ಓದಿ ಮುಗಿಸಿದರೆ ಅರ್ಧ ಪುಸ್ತಕ ಓದದೆ ಬಿಟ್ಟಂತೆ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ಯಾವುದಾದರೂ ಎರಡು ಪುಟಗಳಲ್ಲಿ ಗುಳ್ಳೆಗಳನ್ನು ಬೆರಳಿನಿಂದ ಮುಚ್ಚಿ, ಚಿತ್ರವನ್ನಷ್ಟೇ ನೋಡಿ. ಯಾರು ಯಾರಿಗೆ ಹೆದರುತ್ತಿದ್ದಾರೆ, ಹಗಲೋ ರಾತ್ರಿಯೋ, ಎಷ್ಟು ಹೊತ್ತು ಕಳೆಯಿತು ಎಂದು ಅಂದಾಜಾಗುತ್ತಿದ್ದರೆ ಚಿತ್ರ ಕೆಲಸ ಮಾಡುತ್ತಿದೆ. ಮತ್ತೆ ಚಿತ್ರ ಮುಚ್ಚಿ ಮಾತು ಓದಿ. ಮಾತಿನಲ್ಲೇ ಎಲ್ಲವೂ ತಿಳಿದುಹೋದರೆ ಚಿತ್ರ ಬರೀ ಅಲಂಕಾರ, ಆ ಪುಸ್ತಕ ಗದ್ಯವಾಗಿಯೇ ಚೆನ್ನಾಗಿರುತ್ತಿತ್ತು. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ಅಮರ ಚಿತ್ರ ಕಥಾ ಮಾಲೆ ಓದಿ ಬೆಳೆದವರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಅದರ ಮೂವತ್ತೆರಡು ಪುಟಗಳ ಸಂಚಿಕೆಯಲ್ಲಿ ಕಥೆಯ ಹೊರೆಯನ್ನು ಹೆಚ್ಚಾಗಿ ಹೊರುವುದು ಚೌಕದ ಮೇಲಿನ ವಿವರಣೆಯ ಸಾಲು. ಕಥೆ ಕಲಿಯುವ ಮಗುವಿಗೆ ಅದು ತಕ್ಕದ್ದೇ. ದೊಡ್ಡವರ ಚಿತ್ರಕಾದಂಬರಿ ಆ ಸಾಲನ್ನು ತೆಗೆದುಹಾಕಿ ಹೊರೆಯನ್ನು ನಿಮ್ಮ ಕಣ್ಣಿನ ಮೇಲೆ ಇಡುತ್ತದೆ.

ಚೌಕಗಳ ಎಣಿಕೆಯಿಂದಲೂ ಓದಿನ ವೇಗ ಗೊತ್ತಾಗುತ್ತದೆ. 1986–87ರಲ್ಲಿ ಹನ್ನೆರಡು ಸಂಚಿಕೆಗಳಾಗಿ ಬಂದ 'ವಾಚ್‌ಮೆನ್' ಬಹುಪಾಲು ಪುಟಕ್ಕೆ ಒಂಬತ್ತು ಚೌಕಗಳ ಕಟ್ಟಿನಲ್ಲಿ ಸಾಗುತ್ತದೆ. ತಾಳ ಹಾಕಿದಂತೆ ಒಂದೇ ಲಯ. ನಡುವೆ ಮೂರು ಚೌಕ ಸೇರಿ ಒಂದಾದರೆ ಕಾಲ ಹಿಗ್ಗಿದ ಅನುಭವ. ಪುಟಕ್ಕೆ ಎರಡು ಮೂರು ದೊಡ್ಡ ಚಿತ್ರಗಳಿರುವ ಪುಸ್ತಕ ಅದರ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಬೆಲೆ ಒಂದೇ ಆಗಿದ್ದರೆ ಇದನ್ನೂ ಎಣಿಸಿ ನೋಡುವುದರಲ್ಲಿ ತಪ್ಪಿಲ್ಲ.

ಕನ್ನಡಕ್ಕೆ ಬಂದ ಪುಸ್ತಕವಾದರೆ ಅಕ್ಷರ ನೋಡಿ. ಗುಳ್ಳೆಯ ಅಳತೆ ಮೂಲ ಭಾಷೆಗೆ ತಕ್ಕಂತೆ ಮೊದಲೇ ನಿಗದಿಯಾಗಿರುತ್ತದೆ. ಕನ್ನಡದ ಪದ ಪ್ರತ್ಯಯ ಸೇರಿ ಉದ್ದವಾಗುತ್ತದೆ, ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೇರುತ್ತದೆ. ಜಾಗ ಸಾಲದಾಗ ಕೆಲವರು ಅಕ್ಷರವನ್ನು ಕುಗ್ಗಿಸುತ್ತಾರೆ, ಇನ್ನು ಕೆಲವರು ಸಾಲುಗಳನ್ನು ಒತ್ತರಿಸುತ್ತಾರೆ. ಆಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. "ಹೋಗಬೇಕಾಗಿ" ಒಂದು ಸಾಲಿನಲ್ಲಿ, "ತ್ತು" ಮುಂದಿನದರಲ್ಲಿ ಬಿದ್ದಿದ್ದರೆ ಜೋಡಿಸಿದವರಿಗೆ ಕನ್ನಡದ ಉಸಿರು ಗೊತ್ತಿಲ್ಲ ಎಂದರ್ಥ. ಪುಸ್ತಕವನ್ನು ಒಂದೂವರೆ ಅಡಿ ದೂರ ಹಿಡಿದು ಓದಲಾಗದಿದ್ದರೆ ಇಡೀ ಪುಸ್ತಕ ಕಣ್ಣಿಗೆ ಶ್ರಮ. ಶಬ್ದಗಳನ್ನೂ ನೋಡಿ. ಧೊಪ್ಪನೆ, ಪಟಾರನೆ, ಸುಯ್ಯನೆ, ಜಿಟಿಜಿಟಿ ಎಂದು ಕನ್ನಡದಲ್ಲಿ ಅನುಕರಣ ಪದಗಳಿಗೆ ಬರವೇ ಇಲ್ಲ. ಚಿತ್ರದ ಮೇಲಿನ ಶಬ್ದಗಳನ್ನು ಕನ್ನಡದಲ್ಲಿ ಹೊಸದಾಗಿ ಬರೆಸಿದ ಪ್ರಕಾಶಕರು ಉಳಿದ ಕೆಲಸವನ್ನೂ ಶ್ರದ್ಧೆಯಿಂದ ಮಾಡಿರುತ್ತಾರೆಂದು ನಂಬಬಹುದು.

ಇನ್ನು ಅಚ್ಚು ಮತ್ತು ಕಟ್ಟು. ಬಣ್ಣದ ಪುಸ್ತಕದಲ್ಲಿ ನಾಲ್ಕು ಶಾಯಿಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಕಪ್ಪು ಗೆರೆಯ ಪಕ್ಕ ಕೆಂಪೋ ನೀಲಿಯೋ ನೆರಳು ಕಂಡರೆ ಅಚ್ಚು ಜರುಗಿದೆ, ಬೇರೆ ಪ್ರತಿ ಕೇಳಿ. ಎರಡು ಪುಟ ಸೇರಿ ಒಂದೇ ಚಿತ್ರವಿದ್ದಲ್ಲಿ ಪುಸ್ತಕ ಅಗಲಿಸಿ ನೋಡಿ. ಬರೀ ಗೋಂದಿನ ಕಟ್ಟಾದರೆ ನಡುವಿನ ಒಂದೆರಡು ಸೆಂಟಿಮೀಟರ್ ಚಿತ್ರ ಒಳಗೆ ನುಂಗಿಹೋಗಿರುತ್ತದೆ. ಬಲವಂತವಾಗಿ ಅಗಲಿಸಿದರೆ ಬೆನ್ನು ಒಡೆದು ಹಾಳೆ ಕಳಚುತ್ತದೆ. ದಾರದಿಂದ ಹೊಲಿದ ಕಟ್ಟು ಸಿಕ್ಕಿದರೆ ನೂರಿನ್ನೂರು ರೂಪಾಯಿ ಹೆಚ್ಚಾದರೂ ಅದೇ ಲಾಭ. ಬಣ್ಣ ಬೇಕೇಬೇಕೆಂದು ಹಟ ಬೇಡ: 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಪಡೆದ 'ಮೌಸ್' ಕಪ್ಪು ಬಿಳುಪಿನಲ್ಲೇ ಇದೆ, ಯೆಹೂದ್ಯರನ್ನು ಇಲಿಗಳಾಗಿ, ನಾಜಿಗಳನ್ನು ಬೆಕ್ಕುಗಳಾಗಿ ಬರೆದ ಆ ಗೆರೆಗಳಿಗೆ ಬಣ್ಣದ ಕೊರತೆ ಎಲ್ಲೂ ಕಾಣುವುದಿಲ್ಲ. ಜಪಾನಿನ ಮಾಂಗಾ ಕೊಳ್ಳುವುದಾದರೆ ಅದು ಬಲದಿಂದ ಎಡಕ್ಕೆ ಓದುವ ಮುದ್ರಣವೇ ನೋಡಿಕೊಳ್ಳಿ. ಮೊದಲ ಇಪ್ಪತ್ತು ಪುಟ ತಡವರಿಸುತ್ತದೆ, ಆಮೇಲೆ ಕಣ್ಣು ಒಗ್ಗುತ್ತದೆ.

ಗೆರೆಯ ರುಚಿ ಹತ್ತಬೇಕೆನ್ನುವವರಿಗೆ ಕುಂದಾಪುರದ ಕಾರ್ಟೂನು ಹಬ್ಬದಂಥ ಜಾಗ ಒಳ್ಳೆಯ ಪಾಠಶಾಲೆ. ಒಂದೇ ಮುಖವನ್ನು ಹತ್ತು ಜನ ಹತ್ತು ರೀತಿ ಬರೆದದ್ದನ್ನು ಸಾಲಾಗಿ ನೋಡಿದ ಮೇಲೆ ಪುಸ್ತಕದ ಚಿತ್ರವನ್ನು ತೂಗುವ ಕಣ್ಣು ಬೇರೆಯೇ ಆಗುತ್ತದೆ.

ಫ್ಯಾಂಟಸಿ: ವರದ ಷರತ್ತು ನೋಡಿ

ಫ್ಯಾಂಟಸಿ ಎಂದರೆ ಏನು ಬೇಕಾದರೂ ನಡೆಯಬಹುದು ಎಂಬ ತಿಳಿವಳಿಕೆ ತಪ್ಪು. ಏನು ಬೇಕಾದರೂ ನಡೆಯುವ ಕಥೆಯಲ್ಲಿ ಯಾವುದಕ್ಕೂ ಬೆಲೆಯಿಲ್ಲ. ಈ ಪ್ರಕಾರದ ಜೀವ ಇರುವುದು ಕಟ್ಟುಪಾಡಿನಲ್ಲಿ, ಮತ್ತು ಅದನ್ನು ನಮ್ಮ ಯಕ್ಷಗಾನ ಪ್ರಸಂಗಗಳಿಗಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ. ಹಿರಣ್ಯಕಶಿಪು ಕೇಳಿದ ವರ ನೆನಪಿಸಿಕೊಳ್ಳಿ: ಹಗಲಲ್ಲೂ ಅಲ್ಲ ರಾತ್ರಿಯಲ್ಲೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ, ಮನುಷ್ಯನಿಂದಲೂ ಅಲ್ಲ ಮೃಗದಿಂದಲೂ ಅಲ್ಲ, ಆಯುಧದಿಂದಲೂ ಅಲ್ಲ. ಕಥೆ ಆ ವರವನ್ನು ಎಲ್ಲೂ ಮುರಿಯುವುದಿಲ್ಲ. ಮುಸ್ಸಂಜೆ, ಹೊಸ್ತಿಲು, ನರಸಿಂಹ, ಉಗುರು ಎಂದು ಒಂದೊಂದೇ ಷರತ್ತನ್ನು ಅದರ ಮಾತಿನೊಳಗೇ ದಾಟುತ್ತದೆ. ಭಸ್ಮಾಸುರನ ಕಥೆಯಲ್ಲೂ ಹೀಗೇ: ತಲೆಯ ಮೇಲೆ ಕೈಯಿಟ್ಟರೆ ಬೂದಿ ಎಂಬ ವರ ಕೊನೆಯವರೆಗೂ ಹಾಗೇ ಉಳಿಯುತ್ತದೆ, ಕುಣಿತದ ನಡುವೆ ಕೈ ಮಾತ್ರ ಅವನದೇ ತಲೆಗೆ ಬರುತ್ತದೆ.

ಯಾವ ಫ್ಯಾಂಟಸಿ ಕಾದಂಬರಿಯನ್ನಾದರೂ ಈ ಅಳತೆಗೋಲಿನಿಂದ ಅಳೆಯಬಹುದು. ಮೊದಲ ಐವತ್ತು ಪುಟಗಳಲ್ಲಿ ಮಂತ್ರಶಕ್ತಿಗೆ ಏನು ಮಿತಿ, ಬಳಸಿದವನು ಏನು ತೆರಬೇಕು ಎಂಬುದರ ಸುಳಿವಿದೆಯೇ? ನಾಯಕ ಸಿಕ್ಕಿಬಿದ್ದಾಗ ಅದುವರೆಗೆ ಹೆಸರೇ ಕೇಳದ ಹೊಸ ಶಕ್ತಿ ಅವನ ಕೈಗೆ ಬಂದರೆ ಲೇಖಕರು ಕಟ್ಟುಪಾಡು ಮುರಿದರು. ಒಮ್ಮೆ ಆದರೆ ಕ್ಷಮಿಸಬಹುದು. ಎರಡನೆಯ ಸಲವೂ ಆದರೆ ಮುಂದಿನ ಸಂಪುಟ ಕೊಳ್ಳುವ ಅಗತ್ಯವಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಕೋಟಿ ಚೆನ್ನಯ, ಸಿರಿಯಂಥ ಪಾಡ್ದನಗಳನ್ನು (ತುಳು ಜನಪದ ಕಥನಗೀತೆಗಳನ್ನು) ಆಧರಿಸಿದ ಬರಹವನ್ನು ಫ್ಯಾಂಟಸಿ ಕಪಾಟಿನಲ್ಲಿ ಇಡುವುದು ಸರಿಯಲ್ಲ. ಪಾಡ್ದನ ಹಾಡುವವರಿಗೆ ಅದು ನಡೆದ ಕಥೆ, ನಂಬಿಕೆ, ಕಟ್ಟಳೆ. ಅಂಥ ಪುಸ್ತಕವನ್ನು ಕಲ್ಪನಾಲೋಕದ ಮೋಜಿನ ಅಳತೆಯಲ್ಲಿ ತೂಗಿ "ಕಥೆ ನಿಧಾನ" ಎಂದು ಬರೆದುಬಿಡುವುದು ಆ ಬರಹಕ್ಕೂ ಅನ್ಯಾಯ, ಅದರ ಜನಕ್ಕೂ ಅನ್ಯಾಯ.

ಫ್ಯಾಂಟಸಿಯನ್ನು ಅರ್ಧಕ್ಕೆ ನಿಲ್ಲಿಸುವುದು ಹೆಚ್ಚಾಗಿ ಹೆಸರುಗಳು. ಹತ್ತು ದಿನ ಪುಸ್ತಕ ಮುಟ್ಟದೆ ಮತ್ತೆ ತೆರೆದರೆ ಯಾರು ಯಾರ ಮಗ, ಯಾವ ಊರು ಯಾರ ವಶ ಎಂಬುದೆಲ್ಲ ಮರೆತಿರುತ್ತದೆ. ಪರಿಹಾರ ಸುಲಭ: ಅಂಗೈಯಗಲದ ಒಂದು ದಪ್ಪ ಕಾಗದವನ್ನೇ ಪುಟಗುರುತಾಗಿ ಇಟ್ಟುಕೊಳ್ಳಿ. ಹೊಸ ಹೆಸರು ಬಂದಾಗ ಹೆಸರು, ಪುಟ, ನಾಲ್ಕು ಪದದ ಗುರುತು ಬರೆಯಿರಿ. ಮೊದಲ ಅಧ್ಯಾಯದಲ್ಲೇ ಕಾಗದ ತುಂಬಿದರೆ ದಿನಕ್ಕೆ ಅರ್ಧ ಗಂಟೆಯ ಭರವಸೆ ಇಲ್ಲದವರು ಆ ಪುಸ್ತಕವನ್ನು ದೀಪಾವಳಿ ರಜೆಗೆ ಎತ್ತಿಡುವುದು ಒಳ್ಳೆಯದು. ಮೊಬೈಲಿನಲ್ಲಿ ಹುಡುಕಬೇಡಿ, ಪಾತ್ರದ ಹೆಸರು ಹಾಕಿದ ಕೂಡಲೇ ಆತ ಸಾಯುವ ವಿಷಯವೇ ಮೊದಲು ಕಣ್ಣಿಗೆ ಬೀಳುತ್ತದೆ.

ಸರಣಿಯಾದರೆ ಮುಗಿದಿದೆಯೇ ಎಂದು ಮೊದಲು ತಿಳಿದುಕೊಳ್ಳಿ. 1996ರಲ್ಲಿ ಶುರುವಾದ 'ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್' ಸರಣಿಯ ಐದನೆಯ ಸಂಪುಟ 2011ರಲ್ಲಿ ಬಂತು, ಆರನೆಯದಕ್ಕೆ ಓದುಗರು ಕಾಯುತ್ತಲೇ ಇದ್ದಾರೆ. ಅದು ಗೊತ್ತಿದ್ದೂ ಓದುವುದು ಬೇರೆ, ಗೊತ್ತಿಲ್ಲದೆ ಐದು ದಪ್ಪ ಪುಸ್ತಕ ಕೊಂಡು ಪೇಚಾಡುವುದು ಬೇರೆ. ಇನ್ನೊಂದು ಬಗೆಯ ತಪ್ಪೂ ಆಗುತ್ತದೆ: 1954–55ರಲ್ಲಿ ಮೂರು ಸಂಪುಟಗಳಲ್ಲಿ ಬಂದ 'ದ ಲಾರ್ಡ್ ಆಫ್ ದ ರಿಂಗ್ಸ್' ಸರಣಿಯಲ್ಲ, ಒಂದೇ ಕಾದಂಬರಿ. ಹಳೆಯ ಪುಸ್ತಕದಂಗಡಿಯಲ್ಲಿ ಎರಡನೆಯ ಸಂಪುಟ ಮಾತ್ರ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ನಡುವಿನ ತುಂಡು ತಂದಂತೆ. ದಪ್ಪವೇ ಬೇಡ ಅನ್ನುವವರಿಗೂ ದಾರಿ ಇದೆ. 1968ರ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಇನ್ನೂರು ಪುಟಗಳ ಆಸುಪಾಸಿನದು, ತನ್ನಷ್ಟಕ್ಕೆ ಪೂರ್ತಿಯಾದ ಕಥೆ. ಅಲ್ಲಿ ಒಂದು ವಸ್ತುವಿನ ನಿಜ ಹೆಸರು ಗೊತ್ತಿದ್ದವನಿಗೆ ಅದರ ಮೇಲೆ ಹಿಡಿತ. ಈ ಒಂದೇ ಕಟ್ಟುಪಾಡಿನ ಮೇಲೆ ಇಡೀ ಲೋಕ ನಿಂತಿದೆ. ಪ್ರಕಾರಕ್ಕೆ ಹೊಸಬರಾದವರು ಇಂಥದ್ದರಿಂದ ಹೊರಡಲಿ.

ಅನುವಾದಿತ ಫ್ಯಾಂಟಸಿಯಲ್ಲಿ ಒಂದು ಸಂಭಾಷಣೆಯನ್ನು ಗಟ್ಟಿಯಾಗಿ ಓದಿ ನೋಡಿ. ರಾಜನೂ ಕಳ್ಳನೂ ಅಡುಗೆಯವಳೂ ಒಂದೇ ಗ್ರಾಂಥಿಕ ಕನ್ನಡ ಆಡುತ್ತಿದ್ದರೆ ಆ ಲೋಕ ಕಟ್ಟಿಕೊಂಡಿಲ್ಲ. ತಾಳಮದ್ದಳೆ ಕೇಳಿದ ಕಿವಿಗೆ ಈ ತಪ್ಪು ಎರಡೇ ಸಾಲಿಗೆ ಸಿಕ್ಕಿಬೀಳುತ್ತದೆ.

ಕಥೇತರ: ಹಿಂದಿನಿಂದ ತೆರೆಯಿರಿ

ಕಥೇತರ ಪುಸ್ತಕವನ್ನು ಕೊನೆಯಿಂದ ತೆರೆಯುವುದು ಒಳ್ಳೆಯ ಅಭ್ಯಾಸ. ಪದಸೂಚಿ ಇದೆಯೇ, ಟಿಪ್ಪಣಿಗಳಿವೆಯೇ, ಹೇಳಿದ ಮಾತಿಗೆ ಆಕರ ಕೊಟ್ಟಿದ್ದಾರೆಯೇ? ಆಮೇಲೆ ಪುಸ್ತಕದ ಆರಂಭದಲ್ಲಿರುವ ಮುದ್ರಣ ವಿವರದ ಪುಟ. ಅಲ್ಲಿ "ಐದನೆಯ ಮುದ್ರಣ" ಎಂದಿದ್ದರೆ ಹಳೆಯ ಪಠ್ಯವೇ ಮತ್ತೆ ಅಚ್ಚಾಗಿದೆ. "ಪರಿಷ್ಕೃತ" ಎಂದಿದ್ದರೆ ಮಾತ್ರ ತಿದ್ದಿದ್ದಾರೆ. ವಿಜ್ಞಾನ, ಆರೋಗ್ಯ, ಆರ್ಥಿಕ ವಿಷಯದ ಪುಸ್ತಕದಲ್ಲಿ ಈ ಒಂದು ಪದಕ್ಕೆ ಬಹಳ ತೂಕ. ಹಳೆಯದೆಲ್ಲ ಬೇಡವೆಂದಲ್ಲ. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' ಇಂದಿಗೂ ಓದಬೇಕಾದ ಪುಸ್ತಕ, ಏಕೆಂದರೆ ಅದು ಆ ಕಾಲದ ರಂಗವನ್ನು ಹತ್ತಿರದಿಂದ ಕಂಡು ಬರೆದದ್ದು. ಅವರ ಹಳೆಯ ಮಕ್ಕಳ ವಿಶ್ವಕೋಶ 'ಬಾಲ ಪ್ರಪಂಚ'ವನ್ನು ಮಾತ್ರ ಇವತ್ತು ಮಗುವಿಗೆ ವಿಜ್ಞಾನ ಕಲಿಸಲೆಂದು ಕೊಡಬೇಡಿ. ಕನ್ನಡದಲ್ಲಿ ಮಕ್ಕಳಿಗೆ ಲೋಕವನ್ನು ವಿವರಿಸುವ ಭಾಷೆ ಹೇಗೆ ಹುಟ್ಟಿತೆಂದು ತಿಳಿಯಲು ನೀವು ಓದಿ.

ಲೇಖಕರನ್ನು ಎಷ್ಟು ನಂಬಬಹುದೆಂದು ಅಳೆಯಲು ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನು ಪದಸೂಚಿಯಲ್ಲಿ ಹುಡುಕಿ. ಕರಾವಳಿಯವರಿಗೆ ಇದು ಸುಲಭ. ಕರ್ನಾಟಕದ ಇತಿಹಾಸದ ಪುಸ್ತಕವಾದರೆ ಮಂಗಳೂರು ಒಪ್ಪಂದ 1784ರದ್ದು ಎಂದಿದೆಯೇ? ಪತ್ರಿಕೆಗಳ ಪುಸ್ತಕವಾದರೆ ಹರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಟಿತೆಂದಿದೆಯೇ? ಕಿಟೆಲ್ ನಿಘಂಟು 1894ರಲ್ಲಿ ಇದೇ ಊರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂತೆಂಬುದು ಸರಿಯಾಗಿದೆಯೇ? ನಿಮಗೆ ಗೊತ್ತಿರುವ ಮೂರರಲ್ಲಿ ಎರಡು ತಪ್ಪಿದ್ದರೆ ಗೊತ್ತಿಲ್ಲದ ಮುನ್ನೂರನ್ನು ನಂಬುವುದು ಹೇಗೆ?

ಕನ್ನಡದ ಕಥೇತರ ಪುಸ್ತಕಗಳಲ್ಲಿ ಪತ್ರಿಕೆಯ ಅಂಕಣಗಳ ಸಂಕಲನ ಬಹಳ. ಒಂದೊಂದು ಬರಹ ನಾಲ್ಕೈದು ಪುಟ, ಬಸ್ಸಿನಲ್ಲಿ ಓದಲು ಹೇಳಿ ಮಾಡಿಸಿದ್ದು. ಆದರೆ ಒಂದೇ ಬೀಸಿಗೆ ಓದಿದರೆ ಅದೇ ಉದಾಹರಣೆ, ಅದೇ ಮುಕ್ತಾಯ ಮೂರು ನಾಲ್ಕು ಸಲ ಎದುರಾಗಿ ಬೇಸರ ಬರುತ್ತದೆ. ದಿನಕ್ಕೆ ಎರಡು ಬರಹ ಸಾಕು. ಅನುವಾದವಾದರೆ ಎರಡು ಪುಟಗಳಲ್ಲಿ "ಲ್ಪಟ್ಟಿದೆ" ಎಷ್ಟು ಸಲ ಬಂದಿದೆ ಎಣಿಸಿ. "ಹೇಳಲ್ಪಟ್ಟಿದೆ", "ಕಂಡುಹಿಡಿಯಲ್ಪಟ್ಟಿತು" ಎಂದು ನಾಲ್ಕೈದು ಸಲ ಸಿಕ್ಕರೆ ಓದು ಕಲ್ಲುದಾರಿ. ಇಂಗ್ಲಿಷ್ ಬಲ್ಲವರಿಗೆ ಮೂಲವೇ ವಾಸಿ.

ಕೆಲವು ಪುಸ್ತಕ ಓದಿ ಮುಗಿಸಲೆಂದು ಇರುವುದೇ ಅಲ್ಲ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ತುಳು ನಿಘಂಟು ಆರು ಸಂಪುಟಗಳದು. ದಿನಕ್ಕೊಂದು ಪುಟ ತಿರುಗಿಸಿದರೂ ಅಡುಗೆಮನೆಯ, ಗದ್ದೆಯ, ಮೀನಿನ ಮರೆತುಹೋದ ಪದವೊಂದು ಸಿಕ್ಕೇ ಸಿಗುತ್ತದೆ, ಮನೆಯ ಹಿರಿಯರೊಡನೆ ಅರ್ಧ ಗಂಟೆ ಮಾತಿಗೆ ಅದು ಸಾಕು. ಗ್ರಂಥಾಲಯದಲ್ಲಿ ಕೂತು ನೋಡಬೇಕಾದ ಇಂಥ ಪುಸ್ತಕವನ್ನು ಕೊಳ್ಳುವ ಪಟ್ಟಿಯಲ್ಲಿ ಹಾಕಿ ಹಣ ಸಾಲದೆಂದು ಕೊರಗಬೇಕಿಲ್ಲ.

ಒಂದೇ ವಿಷಯ ಎರಡು ರೂಪದಲ್ಲಿ ಸಿಕ್ಕಾಗ

ಆಯ್ಕೆ ನಿಜಕ್ಕೂ ಕಷ್ಟವಾಗುವುದು ಇಲ್ಲಿ. ಮನುಕುಲದ ಇತಿಹಾಸ ಹೇಳುವ ಹರಾರಿಯವರ 'ಸೇಪಿಯನ್ಸ್' ಗದ್ಯದಲ್ಲೂ ಇದೆ, 2020ರಿಂದ ಚಿತ್ರರೂಪದ ಸಂಪುಟಗಳಾಗಿಯೂ ಬರುತ್ತಿದೆ. ಗದ್ಯದ ಮೊದಲ ಭಾಗ ನಾಲ್ಕೇ ಅಧ್ಯಾಯ. ಅಷ್ಟಕ್ಕೇ ಚಿತ್ರರೂಪದ ಮೊದಲ ಸಂಪುಟ ಇನ್ನೂರಕ್ಕೂ ಹೆಚ್ಚು ದೊಡ್ಡ ಪುಟಗಳನ್ನು ತೆಗೆದುಕೊಂಡಿದೆ. ಹಾಗಾಗಿ ಚಿತ್ರರೂಪ ಎಂದರೆ ಸಂಕ್ಷೇಪ ಎಂಬ ಲೆಕ್ಕಾಚಾರ ಇಲ್ಲಿ ನಡೆಯದು. ಇಡೀ ವಾದ ಬೇಕೆಂದರೆ ಒಂದು ಗದ್ಯದ ಪುಸ್ತಕ ಸಾಕು, ಚಿತ್ರರೂಪದಲ್ಲಿ ಅದಕ್ಕೆ ಹಲವು ಸಂಪುಟ ಕೊಳ್ಳಬೇಕು. ಹೈಸ್ಕೂಲಿನ ಮಗನೋ ಮಗಳೋ ಜತೆಗೆ ಓದುವುದಾದರೆ ಚಿತ್ರದ್ದೇ ಸರಿ. ವಾದವನ್ನು ಒರೆಗೆ ಹಚ್ಚಬೇಕು, ಆಕರ ನೋಡಬೇಕು ಎಂದರೆ ಗದ್ಯದ್ದು. ಚಿತ್ರದಲ್ಲಿ ಊಹೆಯನ್ನೂ ಕಣ್ಣೆದುರು ನಡೆದಂತೆ ಬರೆಯಬೇಕಾಗುತ್ತದೆ, "ಇರಬಹುದು" ಎಂಬ ಪದವನ್ನು ಚಿತ್ರ ಬರೆದು ತೋರಿಸುವುದು ಕಷ್ಟ. ಇತಿಹಾಸ, ವಿಜ್ಞಾನದ ಚಿತ್ರಪುಸ್ತಕ ಓದುವಾಗ ಈ ಎಚ್ಚರ ಇರಲಿ.

ಯಾರಿಗೆ ಯಾವುದು

ಮಂಗಳೂರು–ಉಡುಪಿ ನಡುವೆ ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ ಹೋಗಿಬರುವ ಹೊತ್ತು ಮೂರು ಗಂಟೆಯಷ್ಟು ಸಿಗುತ್ತದೆ, ಆದರೆ ಅದು ಅಲುಗಾಡುವ ಹೊತ್ತು. ಚಿತ್ರಕಾದಂಬರಿ ಅಲ್ಲಿ ಬೇಡ: ಕಣ್ಣು ಚಿತ್ರದ ಮೇಲೆ ನಿಲ್ಲುವುದಿಲ್ಲ, ಕಿಟಕಿಯ ಎರಚಲಿಗೆ ಹೊಳಪಿನ ಹಾಳೆ ಹಾಳಾಗುತ್ತದೆ. ಅಂಕಣ ಸಂಕಲನವೋ ಸಣ್ಣ ಅಧ್ಯಾಯದ ಜೀವನಚರಿತ್ರೆಯೋ ಇರಲಿ. ಓದಿದರೆ ಹೊಟ್ಟೆ ತೊಳಸುವವರು ಫ್ಯಾಂಟಸಿಯನ್ನು ಧ್ವನಿಪುಸ್ತಕವಾಗಿ ಕೇಳಬಹುದು. ದಿನ ತಪ್ಪದ ಓಡಾಟ ಆ ಪ್ರಕಾರಕ್ಕೆ ತಕ್ಕುದೇ.

ಕಣ್ಣಿನ ಪೊರೆ ಶುರುವಾದ ಹಿರಿಯರಿಗೆ ಗುಳ್ಳೆಯೊಳಗಿನ ಸಣ್ಣ ಅಕ್ಷರ ಹಿಂಸೆ. ಅಕ್ಷರ ದೊಡ್ಡದು ಮಾಡಬಹುದಾದ ಇ-ಪುಸ್ತಕದಲ್ಲಿ ಗದ್ಯ ಕೊಡಿ. ಇಲ್ಲೊಂದು ಎಚ್ಚರಿಕೆ: ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಅಕ್ಷರ ಹಿಗ್ಗಿಸಿದರೆ ಸಾಲು ಪರದೆಯ ಹೊರಗೆ ಹೋಗುತ್ತದೆ. ಆರಿಂಚಿನ ಓದುಸಾಧನದಲ್ಲಿ ಚಿತ್ರಕಾದಂಬರಿಯಂತೂ ಆಗದ ಮಾತು, ಹತ್ತಿಂಚಿನ ಟ್ಯಾಬ್ ಬೇಕು.

ಪಿಯುಸಿ, ಡಿಗ್ರಿ ಓದುವವರು ಪರೀಕ್ಷೆಯ ತಿಂಗಳಲ್ಲಿ ಫ್ಯಾಂಟಸಿ ಸರಣಿ ಶುರುಮಾಡಬಾರದು. ಪಠ್ಯದ ಹೆಸರುಗಳ ಜತೆ ಆ ಲೋಕದ ಹೆಸರುಗಳೂ ತಲೆಯಲ್ಲಿ ಜಾಗ ಕೇಳುತ್ತವೆ. ಭಾನುವಾರಕ್ಕೊಂದು ಚಿತ್ರಕಾದಂಬರಿ ಆ ತಿಂಗಳಿಗೆ ಒಳ್ಳೆಯದು. ಐದಾರು ಜನ ಸೇರಿ ಓದಿ ಚರ್ಚಿಸುವ ಗುಂಪಿಗೂ ಮೊದಲ ಪುಸ್ತಕ ಚಿತ್ರಕಾದಂಬರಿಯೇ ಇರಲಿ, ಎಲ್ಲರೂ ಮುಗಿಸಿಯೇ ಬರುತ್ತಾರೆ. ಆದರೆ ಒಂದು ಪ್ರತಿಯನ್ನು ಆರು ಜನ ಸುತ್ತಾಡಿಸಿದರೆ ಕೊನೆಯವರ ಸರದಿ ಬರುವಷ್ಟರಲ್ಲಿ ಮೊದಲಿನವರು ಮರೆತಿರುತ್ತಾರೆ. ಎರಡು ಪ್ರತಿಯಾದರೂ ಬೇಕು, ಒಬ್ಬೊಬ್ಬರಿಗೆ ನಾಲ್ಕೇ ದಿನ.

ಓದಿದ್ದರ ಬಗ್ಗೆ ನಾಲ್ಕು ಸಾಲು ಬರೆಯುವ ಅಭ್ಯಾಸ ಇರುವವರು ಮೂರು ಪ್ರಕಾರಕ್ಕೂ ಒಂದೇ ನಕ್ಷತ್ರದ ಅಳತೆ ಇಡಬೇಡಿ. ಚಿತ್ರಕಾದಂಬರಿಗೆ, ಮಾತಿಲ್ಲದೆ ಚಿತ್ರವೇ ಹೇಳಿದ ಒಂದು ಪುಟದ ಸಂಖ್ಯೆ ಬರೆಯಿರಿ. ಫ್ಯಾಂಟಸಿಗೆ, ಆ ಲೋಕದ ಒಂದು ಕಟ್ಟುಪಾಡು ಮತ್ತು ಅದು ಮುರಿದ ಅಥವಾ ಉಳಿದ ಜಾಗ, ಕೊನೆ ಬಿಟ್ಟುಕೊಡದೆ. ಕಥೇತರಕ್ಕೆ, ಮುಖ್ಯವಾದ ಮೂರು ವಾದ ಮತ್ತು ಯಾವುದಕ್ಕೆ ಪುರಾವೆ ಸಾಲದು ಎಂಬ ಮಾತು. ಮುಂದಿನ ಓದುಗರಿಗೆ "ಚೆನ್ನಾಗಿದೆ" ಎಂಬ ಹತ್ತು ಸಾಲಿಗಿಂತ ಇಷ್ಟು ಹೆಚ್ಚು ಉಪಯೋಗ.

ಹಸಿಗಾಳಿಗೆ ತಡೆಯುವುದು ಯಾವುದು

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಕಾಗದವೂ ಆಯ್ಕೆಯ ಭಾಗ. ಫ್ಯಾಂಟಸಿಯ ಅಗ್ಗದ ಪ್ರತಿಗಳ ಒರಟು ಕಾಗದ ಹಸಿ ಹೀರಿ ಉಬ್ಬುತ್ತದೆ, ಹಳದಿಯಾಗುತ್ತದೆ, ಆದರೆ ಒಣಗಿದರೆ ಮತ್ತೆ ಓದಬಹುದು. ಚಿತ್ರಕಾದಂಬರಿಯ ಆರ್ಟ್ ಪೇಪರ್ ಬೇರೆ. ಅದರ ಹೊಳಪು ಕಾಗದದ ಮೇಲೆ ಬಳಿದ ನುಣುಪಾದ ಮಣ್ಣಿನ ಲೇಪದ್ದು. ನೆನೆದಾಗ ಆ ಲೇಪ ಮೆದುವಾಗಿ ಎದುರು ಪುಟಕ್ಕೆ ಅಂಟುತ್ತದೆ, ಹಾಗೆಯೇ ಒಣಗಿತೆಂದರೆ ಎರಡು ಪುಟ ಒಂದೇ ಹಲಗೆಯಾಗುತ್ತವೆ, ಬಿಡಿಸಿದರೆ ಚಿತ್ರ ಕಿತ್ತು ಬರುತ್ತದೆ. ಹಾಗಾಗಿ ಎರಚಲು ತಾಗಿದ ಕೂಡಲೇ, ಒದ್ದೆ ಇರುವಾಗಲೇ, ನೆನೆದ ಪ್ರತಿ ಪುಟದ ನಡುವೆಯೂ ಅಚ್ಚಿಲ್ಲದ ಬಿಳಿ ಕಾಗದ ಇಡಿ, ಫ್ಯಾನಿನ ಕೆಳಗೆ ಪುಸ್ತಕ ನಿಲ್ಲಿಸಿ, ಗಂಟೆಗೊಮ್ಮೆ ಕಾಗದ ಬದಲಿಸಿ. ನ್ಯೂಸ್‌ಪೇಪರ್ ಇಟ್ಟರೆ ಅದರ ಶಾಯಿ ಇಳಿಯುತ್ತದೆ. ಬಿಸಿಲಿಗೋ ಒಲೆಯ ಹತ್ತಿರಕ್ಕೋ ಒಯ್ದರೆ ಹಾಳೆ ಸುರುಟಿಕೊಳ್ಳುತ್ತದೆ.

ಕಪಾಟನ್ನು ಹೊರಗೋಡೆಗೆ ತಾಗಿಸದೆ ಮೂರಿಂಚು ಬಿಡಿ, ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ವಾರಕ್ಕೊಮ್ಮೆ ಪ್ರತಿಯೊಂದನ್ನೂ ತೆಗೆದು ಪುಟಗಳನ್ನು ಬೀಸಣಿಗೆಯಂತೆ ಹಾರಿಸಿ. ಬೆನ್ನಿನ ಗೋಂದಿನ ಬಳಿ ಬೆಳ್ಳಗೆ ಹೊಳೆಯುವ ಹುಳ ಓಡಿದರೆ ಆ ಪುಸ್ತಕವನ್ನು ಬೇರೆ ಇಟ್ಟು, ಅದೇ ಸಾಲಿನ ಉಳಿದ ಪುಸ್ತಕಗಳ ಬೆನ್ನನ್ನೂ ಅವತ್ತೇ ನೋಡಿ ಮುಗಿಸಿ.